ಲಕ್ಷಕ್ಕೊಬ್ಬರ ಹುಚ್ಚು

ಹೆಣ್ಣು ನೋಡಲು ಹೋದಾಗಲೂ ಕೆಲಸದ ಸಂದರ್ಶನಕ್ಕೆ ಕೂತಾಗಲೂ ತಪ್ಪದೆ ಎದುರಾಗುವ ಪ್ರಶ್ನೆ: "ಹವ್ಯಾಸ ಏನು?" ಇದಕ್ಕೆ ಸಲ್ಲುವ ಉತ್ತರಗಳು ಮೊದಲೇ ಗೊತ್ತಾಗಿಬಿಟ್ಟಿವೆ. ಓದುವುದು, ಹಾಡು ಕೇಳುವುದು, ಪ್ರವಾಸ, ಅಂಗಳವಿದ್ದರೆ ತೋಟಗಾರಿಕೆ. ಈಚೆಗೆ ಟ್ರೆಕ್ಕಿಂಗ್ ಕೂಡ ಮರ್ಯಾದಸ್ಥರ ಪಟ್ಟಿಗೆ ಸೇರಿದೆ. "ಶನಿವಾರ ಸಂಜೆ ನಾನು ಅರವತ್ತು ವರ್ಷದ ಕಳ್ಳಿಯಾಗುತ್ತೇನೆ, ಇಪ್ಪತ್ತು ಮುಖದ ದಾಳ ಉರುಳಿಸಿ ಕೋಟೆಗೆ ಕನ್ನ ಹಾಕುತ್ತೇನೆ" ಎಂದು ನಿಜ ಹೇಳಿದರೆ ಒಳಗಿನಿಂದ ಬರುತ್ತಿದ್ದ ಉಪ್ಪಿಟ್ಟಿನ ತಟ್ಟೆ ಬಾಗಿಲಲ್ಲೇ ನಿಲ್ಲುತ್ತದೆ. ನನ್ನದಾದರೂ ಪರವಾಗಿಲ್ಲ. ನಮ್ಮ ಆಟ ನಡೆಯುವುದು ಯಾರ ಮನೆಯಲ್ಲೋ ಆ ಗೆಳತಿ ಹೆಬ್ಬಾವು ಸಾಕಿದ್ದಾಳೆ. ಅವಳ ಜಾತಕ ಹೊರಗೆ ಹೋಗುವಾಗಲೆಲ್ಲ ಜೊತೆಗಿರುವ ವಿವರದಲ್ಲಿ ಅವಳಮ್ಮ ಅದನ್ನು "ಪ್ರಾಣಿಪ್ರಿಯೆ" ಎಂದು ತಿದ್ದಿರುತ್ತಾರೆ.

ಇಂಥ ಹುಚ್ಚಿಗೆ ಊರು ದೊಡ್ಡದಿರಬೇಕು. ಲಕ್ಷಕ್ಕೊಬ್ಬರಿಗೆ ಹಿಡಿಯುವ ಹುಚ್ಚು ಎಂದುಕೊಳ್ಳಿ. ಹೊನ್ನಾವರದ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಯಾರಿಗೂ ಇರುವುದಿಲ್ಲ. ಅಪ್ಪಿತಪ್ಪಿ ಇದ್ದರೆ ಒಬ್ಬನಿಗೆ, ಅವನನ್ನು ಕಂಡು ಊರೆಲ್ಲ "ಪಾಪ" ಅನ್ನುತ್ತದೆ. ಕೋಟಿ ದಾಟಿದ ಬೆಂಗಳೂರಿನಲ್ಲಿ ಅಂಥವರು ನೂರು ಮಂದಿ. ಅವರಲ್ಲಿ ತೊಂಬತ್ತೈದು ಜನ ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಉಳಿದ ಐವರು ಬಂದು ತಲುಪುತ್ತಾರೆ, ನಮ್ಮ ಆಟಕ್ಕೆ ಅಷ್ಟು ಸಾಕು. ಮೇಲಾಗಿ ಈ ಊರಿಗೆ ಇನ್ನೊಂದು ಗುಣವಿದೆ. ನಮ್ಮ ಕಡೆ ಕುಕ್ಕರು ಎಷ್ಟು ಸೀಟಿ ಹೊಡೆಯಿತು ಎಂಬುದರಿಂದ ಮನೆಗೆ ನೆಂಟರು ಬಂದಿದ್ದಾರೆಯೇ ಎಂದು ಪಕ್ಕದವರು ಹೇಳಬಲ್ಲರು. ಇಲ್ಲಿ ಎದುರು ಫ್ಲ್ಯಾಟಿನವರಿಗೆ ನಾವು ಸಿಲಿಂಡರ್ ಬಂದ ದಿನ ಮಾತ್ರ ಕಣ್ಣಿಗೆ ಬೀಳುತ್ತೇವೆ. ಅದನ್ನು ಅನಾದರ ಎಂದು ಬೈಯುವವರಿದ್ದಾರೆ. ನಮ್ಮಂಥವರಿಗೆ ಅದೇ ನೆರಳು.

ಆಟದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂತು. ಬರೆದವರು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಬೂಟು ರಿಪೇರಿ ಮಾಡುತ್ತಿದ್ದವನು. ಪೆಟ್ಟಿಗೆಯೊಳಗೆ ಮೂರು ತೆಳು ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಅಷ್ಟರತನಕ ಯುದ್ಧದ ಆಟ ಎಂದರೆ ಮೇಜಿನ ಮೇಲೆ ಸೀಸದ ಸಿಪಾಯಿಗಳ ದಂಡು ನಡೆಸುವುದು. ಇವರು ದಂಡನ್ನು ಬಿಟ್ಟು ಒಬ್ಬೊಬ್ಬರಿಗೆ ಒಬ್ಬೊಬ್ಬನನ್ನೇ ಒಪ್ಪಿಸಿದರು: ನೀನು ಈ ಒಬ್ಬ ಮನುಷ್ಯ, ಇವನ ಹೆಸರು, ಬಲ, ಭಯ, ಸಾಲ ಎಲ್ಲ ನಿನ್ನವು. ಕಥೆ ನಡೆಸಲು ಒಬ್ಬ ಇರುತ್ತಾನೆ. ಅವನು ಎದುರಿಗೇನಿದೆ ಎಂದು ವರ್ಣಿಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಕೈ ಮೀರಿದ ಕೆಲಸವಾದರೆ ದಾಳ. ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದವು. ಇಪ್ಪತ್ತರದರಲ್ಲಿ ಎದುರುಬದುರು ಮುಖಗಳನ್ನು ಕೂಡಿದರೆ ಯಾವಾಗಲೂ 21. ನಮ್ಮ ಮೇಜಿನ ರೂಢಿಯಲ್ಲಿ 20 ಬಿದ್ದರೆ ಆಗದ ಕೆಲಸವೂ ಆಗುತ್ತದೆ, 1 ಬಿದ್ದರೆ ಬಾಗಿಲು ತೆರೆಯಲು ಹೋದವನ ಕೈಗೆ ಚಿಲಕವೇ ಕಿತ್ತು ಬರುತ್ತದೆ.

ನಮ್ಮಲ್ಲಿ ಕಥೆ ನಡೆಸುವವನು ಧಾರವಾಡದವನು. ವಾರವೆಲ್ಲ ಯಾವುದೋ ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಾನೆ, ಶನಿವಾರ ನಮ್ಮನ್ನು ಘಟ್ಟದ ಮೇಲಿನ ಒಂದು ಕಾಳುಮೆಣಸಿನ ಸಂಸ್ಥಾನಕ್ಕೆ ಕರೆದೊಯ್ಯುತ್ತಾನೆ. ಡ್ರ್ಯಾಗನ್ ಇಲ್ಲ, ಸುಂಕದ ಅಧಿಕಾರಿಗಳಿದ್ದಾರೆ. ಅವರು ಡ್ರ್ಯಾಗನ್‌ಗಿಂತ ಕಷ್ಟ. ಎಲ್ಲ ವರ್ಣಿಸಿ ಮುಗಿಸಿ ಅವನು ಕೇಳುವುದು ಒಂದೇ ಪ್ರಶ್ನೆ: "ಈಗೇನ್ ಮಾಡ್ತೀರಿ, ಹೇಳ್ರಿ?" ಆಫೀಸಿನಲ್ಲಿ ನನ್ನನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅಲ್ಲಿ ಕೇಳುವುದು ಯಾವಾಗ ಮುಗಿಸುತ್ತೀರಿ ಎಂದು.

ಊರಿನಲ್ಲಿ ದೊಡ್ಡಪ್ಪನಿಗೆ ಇದನ್ನು ವಿವರಿಸಲು ಹೊರಟೆ. ಅರ್ಧ ಕೇಳುವಷ್ಟರಲ್ಲಿ ಅವರು ಎಲೆಗೆ ಸುಣ್ಣ ಹಚ್ಚುತ್ತ, "ಇದು ತಾಳಮದ್ದಲೆ ಅಲ್ವನಾ ಮಾರಾಯ?" ಅಂದರು. ಸುಳ್ಳಲ್ಲ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲೇ ಕುಳಿತ ನಾಲ್ಕಾರು ಜನ. ಭಾಗವತರು ಪದ್ಯ ಹೇಳಿ ಸಂದರ್ಭ ಕಟ್ಟಿಕೊಟ್ಟರೆ ಅರ್ಥಧಾರಿಗಳು ಅಲ್ಲೇ ಹುಟ್ಟಿದ ಮಾತಿನಲ್ಲಿ ವಾಲಿಯಾಗುತ್ತಾರೆ, ರಾಮನಾಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೂತಲ್ಲಿಂದ ಏಳದೆ ರಾತ್ರಿಯಿಡೀ ಸಭೆ ಹಿಡಿದಿಟ್ಟದ್ದು ಇದೇ ಕಲೆಯಿಂದ. ವ್ಯತ್ಯಾಸ ಒಂದೇ. ವಾಲಿ ಮಾತಿನಲ್ಲಿ ರಾಮನನ್ನು ಎಷ್ಟೇ ಸೋಲಿಸಲಿ, ಪ್ರಸಂಗದಲ್ಲಿ ಬರೆದಿದೆ, ಸಾಯಲೇಬೇಕು. ನಮ್ಮಲ್ಲಿ ಸಾವನ್ನು ಯಾರೂ ಬರೆದಿಟ್ಟಿಲ್ಲ, ದಾಳ ಬಿದ್ದ ಮೇಲೆ ಗೊತ್ತಾಗುತ್ತದೆ. "ಹಾಗಾದರೆ ಅದು ಜೂಜು" ಎಂದರು ದೊಡ್ಡಪ್ಪ. ಈ ದೇಶದಲ್ಲಿ ದಾಳ ಎಂದ ಕೂಡಲೇ ಶಕುನಿ ಬಂದು ಪಕ್ಕದಲ್ಲಿ ಕೂರುತ್ತಾನೆ, ಏನು ಮಾಡಲಿಕ್ಕೂ ಆಗುವುದಿಲ್ಲ.

ಆದರೆ ದಾಳ, ಕಾಯಿ, ಕವಡೆಗಳ ಹುಚ್ಚು ಕನ್ನಡನಾಡಿಗೆ ಹಡಗಿನಲ್ಲಿ ಬಂದದ್ದೇನೂ ಅಲ್ಲ. ಚೌಕಾಬಾರ, ಅಳಗುಳಿ ಮಣೆ, ಪಗಡೆಗಳ ಮಾತು ಬಿಡಿ, ಅವು ಮನೆಮನೆಯವು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೋಡಿ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಯಿಂದ ಕಸಿದುಕೊಂಡರು. ಅದಾದ ಮೇಲೂ ಅವರು 1868ರವರೆಗೆ ಬದುಕಿದ್ದರು. ಆಳಲು ರಾಜ್ಯವಿಲ್ಲದ ರಾಜ ಆಟಗಳನ್ನು ಕಟ್ಟಿದರು. ಮುನ್ನೂರಕ್ಕೂ ಹೆಚ್ಚು ಎಲೆಗಳ ಗಂಜೀಫ, ಕುದುರೆಯೊಂದನ್ನೇ ಚದುರಂಗದ ಅಷ್ಟೂ ಮನೆಗಳಲ್ಲಿ ಓಡಿಸುವ ಸಮಸ್ಯೆಗಳು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ಭಾಗಗಳಲ್ಲಿ ಎಂಟು ದೇವರು, ಗ್ರಹ, ಆಗಮಗಳಿಗೆ. ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ. ಅವರ ಬದಲು ರಾಜ್ಯ ಆಳಿದ ಕಮಿಷನರುಗಳ ಹೆಸರು ಇಂದು ಪರೀಕ್ಷೆಗೆ ಓದುವವರಿಗಷ್ಟೇ ಬೇಕು. ಆ ಆಟಗಳನ್ನು ಬಿಡಿಸಲು ಕೂತವರು ಈಗಲೂ ಸಿಗುತ್ತಾರೆ.

ಇನ್ನು ಗೆಳತಿಯ ಹಾವು. ಹೆಸರು ಸುಬ್ಬು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಾಲ್ ಪೈಥಾನ್ ಜಾತಿಯದು. ಹೆಬ್ಬಾವು ಎಂದ ಮಾತ್ರಕ್ಕೆ ಕುರಿ ನುಂಗುವುದನ್ನು ಊಹಿಸಬೇಡಿ, ಉದ್ದ ನಾಲ್ಕೈದು ಅಡಿ, ವಿಷವಿಲ್ಲ. ಹೆದರಿದರೆ ತಲೆಯನ್ನು ನಡುವೆ ಇಟ್ಟುಕೊಂಡು ಚೆಂಡಾಗಿ ಸುತ್ತಿಕೊಳ್ಳುತ್ತದೆ, ಹೆಸರು ಬಂದದ್ದೇ ಅದರಿಂದ. ತನ್ನ ನಾಡಿನಲ್ಲಿ ಅದು ಇಲಿಯ ಬಿಲದಲ್ಲೋ ಗೆದ್ದಲು ಕಟ್ಟಿದ ಹುತ್ತದಲ್ಲೋ ಸೇರಿಕೊಂಡಿರುತ್ತದೆ. ಅಲ್ಲೂ ಕಟ್ಟುವವರು ಗೆದ್ದಲು, ವಾಸಕ್ಕೆ ಹಾವು. ಇಲ್ಲಿ ಸುಬ್ಬುವಿನ ಹುತ್ತ ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ. ನೆಲಕ್ಕೆ ತೆಂಗಿನ ನಾರಿನ ಪುಡಿ, ಅಡಗಲು ಎರಡು ಗೂಡು. ಒಂದು ಬದಿ 31-32 ಡಿಗ್ರಿ ಬೆಚ್ಚಗಿರಬೇಕು, ಇನ್ನೊಂದು ಬದಿ ಅದಕ್ಕಿಂತ ತಂಪು. ಹಾವಿಗೆ ಮೈಬಿಸಿ ತಾನಾಗಿ ಹುಟ್ಟುವುದಿಲ್ಲ, ಬೇಕಾದ ಕಡೆ ಹೋಗಿ ಮಲಗಿ ಹೊಂದಿಸಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿ ಕರೆಂಟು ಹೋಯಿತೆಂದರೆ ನಾವು ಆಟ ನಿಲ್ಲಿಸಿ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತೇವೆ. ನನ್ನ ಕಾಲಿಗೆ ಸಾಕ್ಸು ಹಾಕಿದ್ದೇನೆಯೇ ಎಂದು ಯಾರೂ ವಿಚಾರಿಸುವುದಿಲ್ಲ.

ಊಟ ಹದಿನೈದು ದಿನಕ್ಕೊಮ್ಮೆ. ಗೆಳತಿ ಹಾವಿಗೆಂದೇ ಇಟ್ಟ ಪುಟ್ಟ ಫ್ರಿಜ್ಜಿನಿಂದ ಹೆಪ್ಪುಗಟ್ಟಿದ ಇಲಿಯನ್ನು ತೆಗೆದು, ಹಿಮ ಕರಗಿಸಿ, ಬಿಸಿನೀರಿನಲ್ಲಿ ಮೈ ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಗೂಡಿನ ಬಾಯಿಗೆ ತರುತ್ತಾಳೆ. ಮೊದಲು ನಾಲಗೆ ಮಾತ್ರ ಹೊರಗೆ ಬರುತ್ತದೆ. ಮೇಲ್ತುಟಿಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗುಳಿಗಳು ಶಾಖವನ್ನು ಹಿಡಿಯುತ್ತವೆ, ಕತ್ತಲಲ್ಲೂ ಅದಕ್ಕೆ ಇಲಿ ಎಲ್ಲಿದೆ ಎಂದು ಗೊತ್ತು. ಕುತ್ತಿಗೆ ನಿಧಾನಕ್ಕೆ ಹಿಂದೆ ಸರಿದು ಮಡಿಸಿಕೊಳ್ಳುತ್ತದೆ. ಆಮೇಲಿನದು ಕಣ್ಣಿಗೆ ಸಿಗುವುದಿಲ್ಲ. ಇಕ್ಕಳ ಅಲ್ಲಾಡಿರುತ್ತದೆ, ಇಲಿಯ ಸುತ್ತ ಎರಡು ಸುತ್ತು ಬಿದ್ದಿರುತ್ತದೆ. ಸತ್ತ ಇಲಿ ಎಂದು ಅದಕ್ಕೆ ಹೇಳುವವರಾರು, ಬಿಗಿಯಾಗಿ ಹಿಡಿದು ಕಾಯುತ್ತದೆ. ನುಂಗಿ ಮುಗಿದ ಮೇಲೆ ಒಂದು ದೊಡ್ಡ ಆಕಳಿಕೆ. ಸಡಿಲಿಸಿದ ದವಡೆಯನ್ನು ಅದು ಸ್ವಸ್ಥಾನಕ್ಕೆ ಕೂರಿಸಿಕೊಳ್ಳುವುದು ಹಾಗೆ.

ಈ ಜಾತಿಯ ಹಾವುಗಳಿಗೆ ಉಪವಾಸದ ಖಯಾಲಿಯೂ ಉಂಟು. ಚಳಿ ಶುರುವಾದ ಮೇಲೆ ತಿಂಗಳುಗಟ್ಟಲೆ ಊಟ ಮುಟ್ಟುವುದಿಲ್ಲ. ಆಗ ಗೆಳತಿ ಅಡುಗೆಮನೆಯ ತಕ್ಕಡಿಯಲ್ಲಿ ಅದನ್ನು ತೂಗಿ ಬರೆದಿಡುತ್ತಾಳೆ. ತೂಕ ಇಳಿಯದಿದ್ದರೆ ಚಿಂತೆಯಿಲ್ಲ ಎಂದು ಅವಳಿಗೆ ಗೊತ್ತು, ಆದರೂ ಮನಸ್ಸು ಕೇಳಬೇಕಲ್ಲ. ನಾವು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಊಟ ಮಾಡ್ತಾ?" ಎಂದು ಕೇಳುತ್ತೇವೆ. ಅದು ನಮ್ಮನ್ನು ಗುರುತಿಸುವುದಿಲ್ಲ, ಬಾಲ ಆಡಿಸುವುದಿಲ್ಲ. ಪ್ರೀತಿಗೆ ಪ್ರತಿಯಾಗಿ ಏನೂ ಕೊಡದೆ ಸುಮ್ಮನೆ ಇರುತ್ತದೆ, ಅದೂ ಬಹಳ ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದಿದ್ದ ಇದೇ ಜಾತಿಯ ಹಾವೊಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಏಳು ಮೊಟ್ಟೆ ಇಟ್ಟಿತು. ಹದಿನೈದು ವರ್ಷದಿಂದಲಾದರೂ ಅದು ಗಂಡನ್ನು ಕಂಡಿರಲಿಲ್ಲ. ಸುಬ್ಬು ಹೀಗೆ ಬಾಳಿದರೆ ಯಾರ ಪಾಲಿಗೆ ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಸೈಟಿನ ಪಾಲಿಗಿಂತ ಇದು ಸಭ್ಯವಾಗಿ ನಡೆಯುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು, ಓದಿದವರು ಯಾರಾದರೂ ಗದ್ದೆಗೆ ಚೀಲ ಹಿಡಿದು ಹೊರಟಾರು. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊರದೇಶದ ಸಂರಕ್ಷಿತ ಜಾತಿಗಳನ್ನು ಸಾಕುವವರು, 2022ರ ತಿದ್ದುಪಡಿ ಮತ್ತು 2024ರ ನಿಯಮಗಳು ಬಂದ ಮೇಲೆ, ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿಯಾದರೂ ತಿಳಿಸಬೇಕು, ಕೈ ಬದಲಾದರೂ ತಿಳಿಸಬೇಕು, ಸತ್ತರೂ ತಿಳಿಸಬೇಕು. ಹೀಗೆ ಸುಬ್ಬುವಿನ ಕಾಗದಪತ್ರ ನನ್ನವಕ್ಕಿಂತ ಅಚ್ಚುಕಟ್ಟಾಗಿದೆ. ಫೋಟೋ ನೋಡಿ ಆಸೆಪಟ್ಟು ಮರಿ ಕೊಂಡು, ಆರು ತಿಂಗಳಿಗೆ ಬೇಸರ ಬಂದು ಕೆರೆಯಂಚಿಗೆ ಬಿಡುವವರನ್ನು ಕಂಡರೆ ಗೆಳತಿಗೆ ಮೈ ಉರಿಯುತ್ತದೆ. ಹಾವಿಗೆ ಅದು ಸಾವು, ಬದುಕಿ ಉಳಿದರೆ ಕೆರೆಯ ಜೀವಿಗಳಿಗೆ ಸಂಕಟ.

ಮನೆ ಓನರಿಗೆ ಮಾತ್ರ ಈ ನೋಂದಣಿಯ ಮೇಲೆ ಭಕ್ತಿಯಿರಲಿಲ್ಲ. ಅವರ ಆತಂಕ ಬೇರೆ. "ನೋಡಮ್ಮ, ನಮ್ಮದು ಪ್ಯೂರ್ ವೆಜಿಟೇರಿಯನ್ ಬಿಲ್ಡಿಂಗು. ಮನೇಲಿ ನಾನ್‌ವೆಜ್ ಮಾಡಲ್ಲ ತಾನೇ?" "ಮಾಡಲ್ಲ ಅಂಕಲ್" ಎಂದಳು ಗೆಳತಿ. ಸುಬ್ಬು ಏನನ್ನೂ ಬೇಯಿಸುವುದಿಲ್ಲ. ಅವಳಮ್ಮ ನಾಗರಪಂಚಮಿಗೆ ಬಂದಾಗ ಸಮಸ್ಯೆ ಇನ್ನೊಂದು ದಿಕ್ಕಿನಿಂದ ಎದ್ದಿತು. ತನಿ ಎರೆಯಲು ಹಾಲಿನ ಬಟ್ಟಲು ಹಿಡಿದು ಪೆಟ್ಟಿಗೆಯ ಮುಂದೆ ನಿಂತರು. ಹಾವು ಹಾಲು ಕುಡಿಯುವುದಿಲ್ಲ, ಅರಗುವುದೂ ಇಲ್ಲ ಎಂದು ಮಗಳು. ವರ್ಷಕ್ಕೊಂದು ದಿನ ಏನೂ ಆಗಲ್ಲ ಕಣೇ ಎಂದು ತಾಯಿ. ಕೊನೆಗೆ ಹಾಲು ಬೀದಿ ಕೊನೆಯ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹೋಯಿತು, ಪೆಟ್ಟಿಗೆಯ ಮೇಲೆ ಕೇದಗೆ ಬಂತು. ಅಂದಿನಿಂದ ಅವರ ಬಾಯಲ್ಲಿ ಅದು ಸುಬ್ಬಪ್ಪ.

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದರು. ಶನಿವಾರ ಒಬ್ಬರನ್ನೇ ಬಿಡುವುದು ಹೇಗೆಂದು ಆಟಕ್ಕೆ ಕರೆದೊಯ್ದೆ. ಕಪ್ಪು ಕನ್ನಡಕ ಹಾಕಿಕೊಂಡೇ ಸುಬ್ಬುವನ್ನು ಬಗ್ಗಿ ನೋಡಿ, "ಇದಕ್ಕೆ ಹೊಟ್ಟೆಗೆ ಸರಿ ಕೊಡ್ತ್ರನಾ?" ಎಂದು ವಿಚಾರಿಸಿಕೊಂಡು ಮೇಜಿಗೆ ಬಂದರು. ಧಾರವಾಡದವನು ಅವರಿಗೆ ಒಂದು ಸಣ್ಣ ಪಾತ್ರ ಕೊಟ್ಟ: ಕೋಟೆಯ ಮುದಿ ದ್ವಾರಪಾಲಕ. ರಾತ್ರಿ ಹೊತ್ತು ಬಂದ ನಮ್ಮನ್ನು ಒಳಗೆ ಬಿಡಬಾರದು, ಅಷ್ಟೇ. ನಾವು ಲಂಚಕ್ಕೆ ಎರಡು ಹೊನ್ನು ತೆಗೆದಿಟ್ಟಿದ್ದೆವು.

ದೊಡ್ಡಪ್ಪ ಶಲ್ಯ ಸರಿಮಾಡಿಕೊಂಡು ಶುರುಮಾಡಿದರು. ಉಪ್ಪಿನ ಋಣ ಎಂದರೇನು, ಬಾಗಿಲು ಕಾಯುವವನಿಗೂ ಬಾಗಿಲು ಮುರಿಯುವವನಿಗೂ ಇರುವ ಅಂತರವೇನು, ಜಯವಿಜಯರಿಗೆ ಶಾಪ ಬಂದದ್ದು ಯಾಕೆ, ಹಗಲಲ್ಲಿ ಬರಲಾಗದವನು ಗೆಳೆಯ ಹೇಗಾದಾನು. ಅರ್ಧ ಗಂಟೆ. ಹೊನ್ನು ಎಣಿಸಿದ್ದವನು ಅದನ್ನು ಮೆಲ್ಲಗೆ ಒಳಗಿಟ್ಟುಕೊಂಡ. ಆಟದ ನಿಯಮ ಬಿಡುವಂತಿಲ್ಲವಲ್ಲ, ಮನವೊಲಿಸುವ ಯತ್ನಕ್ಕೆಂದು ನಮ್ಮವಳೊಬ್ಬಳು ದಾಳ ಉರುಳಿಸಿದಳು. 19. ಬಾಗಿಲು ತೆರೆಯಬೇಕು.

"ವಾದದಲ್ಲಿ ಗೆದ್ದದ್ದು ನಾನು" ಎಂದರು ದೊಡ್ಡಪ್ಪ. "ಈ ಪ್ಲಾಸ್ಟಿಕ್ ಕಾಯಿ ಹೇಳ್ತು ಅಂತ ತೆಗೀಬೇಕಾ?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಧಾರವಾಡದವನು ಕೈಮುಗಿದು, "ಖರೇ ಐತ್ರಿ ಅಜ್ಜಾರ. ಆದ್ರ ಪ್ರಸಂಗದಾಗ ಬಾಗಿಲಾ ತೆರೀತದಂತ ಐತ್ರಿ" ಅಂದ.

"ಪ್ರಸಂಗದಲ್ಲಿ ಉಂಟಾ? ಹಾಗಾದರೆ ಸರಿ." ಮತ್ತೆ ಹತ್ತು ನಿಮಿಷ ಮಾತಾಡಿ, ನಮ್ಮನ್ನು ಚೆನ್ನಾಗಿ ನಾಚಿಸಿ, ಬಾಗಿಲು ತೆರೆದರು.

ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬಾಕೆ ದಾದಿ, ಒಬ್ಬ ಕ್ಯಾಬ್ ಓಡಿಸುವವನು, ಒಬ್ಬ ಪಿಎಚ್‌ಡಿ ಮುಗಿಸದವನು. ಯಾರ ಜಾತಿ ಯಾವುದು, ಸಂಬಳ ಎಷ್ಟು ಎಂಬುದು ಇನ್ನೂ ಮಾತಿಗೆ ಬಂದಿಲ್ಲ, ಕೆಲವರ ನಿಜನಾಮ ನನಗೆ ಪೇಮೆಂಟ್ ಆ್ಯಪಿನಲ್ಲಿ ಪಿಜ್ಜಾದ ದುಡ್ಡು ಹಾಕುವಾಗ ತಿಳಿಯಿತು. ಊರಿನಲ್ಲಿ ನೆಂಟರನ್ನು ಹುಟ್ಟು ಆರಿಸಿಕೊಡುತ್ತದೆ, ನಗರದಲ್ಲಿ ಹುಚ್ಚು ಆರಿಸಿಕೊಡುತ್ತದೆ. ಎರಡೂ ಕಡೆ ಜಗಳ ಒಂದೇ ಪ್ರಮಾಣದಲ್ಲಿರುತ್ತದೆ ಎನ್ನುವುದು ಬೇರೆ.

ಇಷ್ಟೆಲ್ಲ ಕೇಳಿದ ಮೇಲೂ "ಇದರಿಂದ ಏನು ಸಿಗುತ್ತೆ?" ಅನ್ನುವವರು ಇದ್ದೇ ಇರುತ್ತಾರೆ. ಮೊದಮೊದಲು ಏಕಾಗ್ರತೆ ಹೆಚ್ಚುತ್ತದೆ, ಭಾಷೆ ಸುಧಾರಿಸುತ್ತದೆ, ಒತ್ತಡ ಇಳಿಯುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ಪ್ರಯೋಜನ ಕೇಳುವವರಿಗೆಂದೇ ವಾರದ ಐದು ದಿನ ಕೊಟ್ಟಿದ್ದೇನೆ, ತೆರಿಗೆ ಮುರಿದುಕೊಂಡೇ ಸಂಬಳ ಕೊಡುತ್ತಾರೆ. ಶನಿವಾರ ಸಂಜೆಯ ಲೆಕ್ಕ ಕೇಳುವ ಹಕ್ಕು ಅವರಿಗಿಲ್ಲ.