ಎರಡನೆಯ ಮಿಷನ್

ಅಳಿಯ ದೋಣಿಗೆ ಹೊಸ ಫೋರ್‌ಸ್ಟ್ರೋಕ್ ಪೆಟ್ರೋಲ್ ಮಿಷನ್ ತಂದ ದಿನವೇ ಹಳೆಯ ಸೀಮೆಎಣ್ಣೆ ಮಿಷನ್ನನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಸ್ಟೆಪ್ನಿಗೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, "ಮಾವ, ಈಗ ಎರಡೆರಡ್ ಮಿಷನ್ ಯಾರ್ ಇಡ್ತ್ರ್? ಫೋನ್ ಇತ್ತಲೆ" ಅಂದ.

ಗಂಗೊಳ್ಳಿಯ ಅಳಿವೆಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಅದು. ಐದು ನದಿಗಳ ನೀರು ಕಡಲಿಗೆ ನುಗ್ಗುವ ಜಾಗ. ಮಳೆಗಾಲದಲ್ಲಿ ಮರಳು ಎಲ್ಲಿ ಗುಡ್ಡೆ ಬಿದ್ದಿದೆ, ತೆರೆ ಎಲ್ಲಿ ಒಡೆಯುತ್ತದೆ ಎಂಬುದು ದಿನಕ್ಕೊಂದು ಥರ. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿ. ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯೊಳಗಿನ ಮಿಷನ್ ಇರುವ ನಾಡದೋಣಿಗಳಿಗೆ. ನಮ್ಮವರ ಬಾಯಲ್ಲಿ 9.9 ಎಂಬ ಸಂಖ್ಯೆ ಅಷ್ಟು ಓಡಾಡುವುದು ಅದಕ್ಕೇ. ಅಂದರೆ ಕಡಲು ಅತಿ ಕೆಟ್ಟಿರುವಾಗ ಅತಿ ಸಣ್ಣ ದೋಣಿ ಹೊರಗೆ! ತೆರೆಗೆ ಅಡ್ಡಲಾಗಿ ಮಿಷನ್ ಬಂದ್ ಬಿದ್ದರೆ ಫೋನ್ ಮಾಡಲು ಕೈ ಎಲ್ಲಿ ಬಿಡುವಾಗಿರುತ್ತದೆ?

ಮೊದಲು ಸ್ಟೆಪ್ನಿಯೆಂದರೆ ಹುಟ್ಟು ಮತ್ತು ಹುಟ್ಟು ಹಾಕುವ ಕೈಗಳೇ. ಎಪ್ಪತ್ತರ ದಶಕದ ದ್ವಿತೀಯಾರ್ಧದಲ್ಲಿ ಪರ್ಸಿನ್ ಬೋಟುಗಳು ಬಂದು, ದಡದಿಂದ ಎಳೆಯುವ ರಂಪಣಿ ಬಲೆ ಮೂಲೆ ಸೇರಿತು. ಆಮೇಲೆ ನಾಡದೋಣಿಗೂ ಮಿಷನ್ ಕೂತಿತು. ಬೂತಾಯಿ ಮೀನನ್ನು ಹುಡುಕಿಕೊಂಡು ದೂರ ಹೋಗಬೇಕಾಯಿತು, ಹುಟ್ಟು ಹಾಕುವ ರಟ್ಟೆಯೂ ಸೋತಿತು. ಆಗ ಎರಡನೆಯ ಮಿಷನ್ ಬೇಕಾಯಿತು.

ಅದನ್ನು ಆರಿಸಿಕೊಡುತ್ತಿದ್ದವರು ಮೇಸ್ತ್ರಿ. ಅವರ ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಬಂದರಿನ ಹಿಂದಿನ ಅವರ ತಗಡಿನ ಶೆಡ್ಡಿಗೆ ಕಾಲಿಟ್ಟರೆ ಅರ್ಧ ಉರಿದ ಸೀಮೆಎಣ್ಣೆ, 2ಟಿ ಆಯಿಲ್, ಒಣಮೀನು ಮೂರೂ ಸೇರಿದ ವಾಸನೆ ಮೂಗಿಗೆ ಅಡರುತ್ತಿತ್ತು. ಅಂಗಿ ಒಗೆದರೂ ಹೋಗುತ್ತಿರಲಿಲ್ಲ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಕರ್ರಗೆ ಒದ್ದೆಯಾಗಿದ್ದರೆ ಎಣ್ಣೆ ಜಾಸ್ತಿ, ಬೆಳ್ಳಗೆ ಸುಟ್ಟಂತಿದ್ದರೆ ಕಮ್ಮಿ. ಬೈಗುಳ ಮಾತ್ರ ಎರಡಕ್ಕೂ ಒಂದೇ.

ಸೆಕೆಂಡ್‌ಹ್ಯಾಂಡ್ ಮಿಷನ್ ನೋಡಲು ಅವರೊಡನೆ ಒಮ್ಮೆ ಮಲ್ಪೆಗೆ ಹೋಗಿದ್ದೆ. ಮಾರುವವನು ಬಣ್ಣ ಬಳಿದು, ಡ್ರಮ್ಮಿನ ನೀರಲ್ಲಿ ನಿಲ್ಲಿಸಿ, "ಒಂದೇ ಎಳೆತಕ್ಕೆ ಸ್ಟಾರ್ಟ್" ಎಂದು ಹಗ್ಗಕ್ಕೆ ಕೈ ಹಾಕಿದ. ಮೇಸ್ತ್ರಿ ತಡೆದು ಮುಚ್ಚಳದ ಮೇಲೆ ಅಂಗೈ ಇಟ್ಟರು. "ನಾವು ಬರುವ ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದೀರಲ್ಲ ಮಾರಾಯ್ರೆ. ತಣ್ಣಗಾಗಲಿ." ಚಹಾ ಬಂತು, ಹೋಯಿತು. ಅಷ್ಟರಲ್ಲಿ ಅವರು ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿ ಎರಡು ಹನಿ ಎಣ್ಣೆಯನ್ನು ಹೆಬ್ಬೆರಳಿಗೆ ಬಿಟ್ಟುಕೊಂಡಿದ್ದರು. ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಸೀಲು ಹೋಗಿದೆ, ಒಳಗೆ ನೀರು ನುಗ್ಗಿದೆ. ಮೇಸ್ತ್ರಿ ಮಾತಾಡಲಿಲ್ಲ, ಹೆಬ್ಬೆರಳು ತೋರಿಸಿದರು. ರೇಟು ಅಲ್ಲೇ ಇಳಿಯಿತು. ಆಮೇಲೆ ಹಗ್ಗವನ್ನು ಮೆಲ್ಲಗೆ ಎಳೆದು ಕಂಪ್ರೆಶನ್ ಕೈಯಲ್ಲೇ ಅಳೆದು, "ಸೀಲು ನಾನು ಹಾಕ್ತೇನೆ, ತಗೊ" ಅಂದರು.

ಸ್ಟೆಪ್ನಿ ಮಿಷನ್ ವೇಗಕ್ಕಲ್ಲ ಎನ್ನುತ್ತಿದ್ದರು. ಒಬ್ಬನೇ ಹೆಗಲಿಗೇರಿಸುವಷ್ಟು ಹಗುರ ಇರಬೇಕು. ಶಾಫ್ಟ್ ಗಿಡ್ಡವಾದರೆ ತೆರೆಯ ಮೇಲೆ ಫ್ಯಾನು ಗಾಳಿಯಲ್ಲಿ ತಿರುಗುತ್ತದೆ, ನೋಡಿ ತೆಗೆದುಕೊಳ್ಳಬೇಕು. ದೊಡ್ಡದರ ಕಂಪನಿಯದೇ ಆದರೆ ಪ್ಲಗ್ಗೂ ಪಾನವೂ ಎರಡಕ್ಕೂ ಆಗುತ್ತವೆ. ಇಷ್ಟೆಲ್ಲಕ್ಕಿಂತ ಮೇಲೆ ಟ್ಯಾಂಕು ಬೇರೆ ಇರಬೇಕು: ಬಂದ್ ಬೀಳುವ ಮಿಷನ್‌ಗಳಲ್ಲಿ ಎಷ್ಟೋ, ಎಣ್ಣೆಯಲ್ಲಿ ನೀರು ಬೆರೆತದ್ದರಿಂದ ಬೀಳುವಂಥವು, ಅದೇ ಎಣ್ಣೆ ಕುಡಿದರೆ ಎರಡನೆಯದೂ ಬಿದ್ದೀತು. ಸೀಮೆಎಣ್ಣೆ ಮಿಷನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವಂಥದ್ದು. ದೋಣಿ ನಡೆಸುವ ತಾಂಡೇಲ ಜಾಣನಾದರೆ ಅಳಿವೆ ಹತ್ತಿರ ಬಂದಂತೆ ಮತ್ತೆ ಪೆಟ್ರೋಲಿಗೆ ತಿರುಗಿಸುತ್ತಿದ್ದ. ನಡುವೆ ನಿಂತರೂ ಹಗ್ಗ ಎಳೆದ ಕೂಡಲೇ ಹಿಡಿಯಬೇಕಲ್ಲ.

ಆ ಕಾಲ ಚಿನ್ನದ್ದೇನೂ ಅಲ್ಲ. ಹೊಗೆ ಕುಡಿದು ಕೆಮ್ಮುತ್ತಲೇ ಮುದುಕರಾದವರು ನಮ್ಮ ಕೇರಿಯಲ್ಲಿದ್ದಾರೆ. ಸಬ್ಸಿಡಿ ಸೀಮೆಎಣ್ಣೆಯ ಪರ್ಮಿಟ್ಟಿಗಾಗಿಯೇ ಎರಡನೆಯ ಮಿಷನ್ ತೋರಿಸಿ, ಅದಕ್ಕೆ ಉಪ್ಪುನೀರನ್ನೇ ಮುಟ್ಟಿಸದವರೂ ಇದ್ದರು. ಸಬ್ಸಿಡಿಯ ನೀಲಿ ಎಣ್ಣೆ ಎಲ್ಲೆಲ್ಲಿಗೆ ಹೋಗುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಹೊಸ ಮಿಷನ್ ಮೆತ್ತಗೆ ಓಡುತ್ತದೆ, ಎಣ್ಣೆ ಕಮ್ಮಿ ಕುಡಿಯುತ್ತದೆ, ಹೊಗೆಯಿಲ್ಲ. ಇದನ್ನು ಅಲ್ಲವೆನ್ನುವವನು ಸುಳ್ಳುಗಾರ.

ಆದರೆ ಅದು ಕೆಟ್ಟರೆ ನೋಡುವವರು ಯಾರು? ಮಿಷನ್ ಮಾರಿದವರಿಗೆ ಫೋನ್ ಮಾಡಿದರೆ "ಸೋಮವಾರ ಹುಡುಗನನ್ನು ಕಳಿಸುತ್ತೇವೆ" ಎನ್ನುತ್ತಾರೆ. ಮೇಸ್ತ್ರಿಯ ಶೆಡ್ಡಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಕಲಿಯಲು ಬಂದಿದ್ದ ಹುಡುಗರು ಗಲ್ಫಿಗೆ ಹೋದರು, ಸರಿಯಾಗಿಯೇ ಮಾಡಿದರು. ಇಲ್ಲಿ ಅವರಿಗೆ ಸಂಬಳ ಕೊಡುವವರಿರಲಿಲ್ಲ. ಹಳೆಯ ಮಿಷನ್ ಬದಲಾಯಿಸಲು ಸರ್ಕಾರ ದುಡ್ಡು ಕೊಟ್ಟಿದೆ. ರಿಪೇರಿ ಕಲಿಸಲಿಕ್ಕೂ ಒಂದಷ್ಟು ಎತ್ತಿಡಬಾರದೇ?

ಮಳೆಗಾಲದಲ್ಲಿ ಅಳಿವೆ ದಾಟುವ ಹುಡುಗರೇ, ಹಳೆಯದನ್ನು ಕಿಲೋ ಲೆಕ್ಕದಲ್ಲಿ ತೂಗಿಸಬೇಡಿ. ಅದಕ್ಕೊಂದು ಬೇರೆ ಟ್ಯಾಂಕು ಇಡಿ. ವಾರಕ್ಕೊಮ್ಮೆ ಸಿಹಿನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸಿ, ತಾಡಪಾಲಿನ ಕೆಳಗೆ ಸುಮ್ಮನೆ ಬಿದ್ದ ಮಿಷನ್ ಬೇಕೆಂದಾಗ ಏಳುವುದಿಲ್ಲ.