ಮಗ್ಗದ ಮನೆಯ ಸೂರು

ದಿಂಡಿಗಲ್ಲಿನಿಂದ ಮಧುರೆಯ ಹಾದಿಯಲ್ಲಿ ಸುಮಾರು 11 ಕಿಲೋಮೀಟರು ಸಾಗಿದರೆ ಚಿನ್ನಾಳಪಟ್ಟಿ ಸಿಗುತ್ತದೆ. ಸಿರುಮಲೆ ಬೆಟ್ಟಸಾಲಿನ ನೆರೆಯಲ್ಲಿ, ಗಾಂಧಿಗ್ರಾಮಕ್ಕೆ ತಾಗಿಕೊಂಡಂತೆ ಇರುವ ಈ ಊರು ಸುಂಗುಡಿ ಸೀರೆಗೂ ಕೃತಕ ರೇಷ್ಮೆಯ ಸೀರೆಗೂ ತಮಿಳುನಾಡಿನಲ್ಲಿ ಹೆಸರಾದದ್ದು. ಇಲ್ಲಿಯ ದೇವಾಂಗ ನೇಕಾರರಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳುಂಟು. ಪಶ್ಚಿಮಕ್ಕೆ ಹೋದಂತೆ ಬೋಡಿನಾಯಕನೂರಿನಲ್ಲಿಯೂ ದೇವಾಂಗರಿದ್ದಾರೆ; ಕಂಬಂ ಕಣಿವೆಯಲ್ಲಿ ಬೇಸಾಯ ಮತ್ತು ದನಸಾಕಣೆಯನ್ನು ನಂಬಿದ ಕಪ್ಪಿಲಿಯರ ಮನೆಮಾತೂ ಕನ್ನಡವೇ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಮುದನೂರಿನ ದಾಸಿಮಯ್ಯನನ್ನು ‘ರಾಮನಾಥ’ ಎಂಬ ಅಂಕಿತದಿಂದ ಬಲ್ಲರು. ದೇವಾಂಗರು ಆತನನ್ನು ತಮ್ಮ ಕುಲದ ಹಿರಿಯನೆಂದು ಬಲ್ಲರು. ಪಠ್ಯದಲ್ಲಿ ಮಗ್ಗವನ್ನು ಕಂಡವರು ಮಗ್ಗವಿರುವ ಕೋಣೆಯನ್ನು ಕಂಡಿರುವುದು ಅಪರೂಪ. ಇದು ಅಂಥ ಒಂದು ಕೋಣೆಯ ಸೂರಿನ ಸಂಗತಿ.

ಮನೆ ಚಿನ್ನಾಳಪಟ್ಟಿಯ ಒಂದು ಕಿರುಬೀದಿಯದು. ಯಜಮಾನರಿಗೆ ಅರುವತ್ತು ದಾಟಿದೆ. ಮುಂಭಾಗದಲ್ಲಿ ಮಗ್ಗದ ಕೋಣೆ, ಹಿಂದೆ ಅಡುಗೆಮನೆ, ನಡುವೆ ಮಲಗುವ ಜಾಗ. ಹೆಂಚಿನ ಮಾಡು ಹಳೆಯದಾಗಿ, ತೊಲೆಗಳಿಗೆ ಗೆದ್ದಲು ಹತ್ತಿ, ಐಪ್ಪಸಿಯ ಮಳೆಗೆ ನಾಲ್ಕು ಕಡೆ ಪಾತ್ರೆ ಇಡಬೇಕಾದ ಸ್ಥಿತಿ ಬಂದಿತ್ತು. ಬೆಟ್ಟದಿಂದ ಇಳಿದು ಬರುವ ಕೋತಿಗಳು ಉಳಿದ ಹೆಂಚುಗಳನ್ನೂ ಬಿಡುತ್ತಿರಲಿಲ್ಲ. ಮನೆಯಾಕೆಗೆ ಕಾಂಕ್ರೀಟಿನ ತಾರಸಿ ಬೇಕು. ಮಗನ ಮದುವೆಯ ಮಾತು ಬಂದಾಗ ಮೇಲೊಂದು ಕೋಣೆ ಕಟ್ಟಲು ಅನುಕೂಲವಾಗಬೇಕು. ಬಂಧುಗಳ ಸಲಹೆ ಇನ್ನೂ ಅಗ್ಗದ್ದು: ಸಿಮೆಂಟ್ ಶೀಟು ಹೊದಿಸಿದರೆ ಎರಡು ದಿನದ ಕೆಲಸ. ಯಜಮಾನರು ಎರಡಕ್ಕೂ ಒಪ್ಪದೆ ಒಂದು ವರ್ಷ ತಳ್ಳಿದರು. ಹಟಮಾರಿತನವೆಂದು ಬೀದಿಯವರು ಆಡಿಕೊಂಡರು.

ಅವರ ಹಟಕ್ಕೆ ಕಾರಣ ನೂಲಿನಲ್ಲಿತ್ತು. ಹತ್ತಿಯ ನೂಲು ಗಾಳಿಯ ತೇವವನ್ನು ಹೀರಿಕೊಂಡಷ್ಟೂ ಗಟ್ಟಿಯಾಗುತ್ತದೆ, ಒಣಗಿದಷ್ಟೂ ಪೆಡಸಾಗಿ ತುಂಡಾಗುತ್ತದೆ. ಬಟ್ಟೆಯ ಪರೀಕ್ಷೆ ಮಾಡುವವರು ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇರಬೇಕೆಂದು ನಿಯಮ ಮಾಡಿಕೊಂಡಿದ್ದಾರೆ. ಆ ಗಾಳಿಯಲ್ಲಿ ಹತ್ತಿ ತನ್ನ ಒಣತೂಕದ ಶೇ. 8ರ ಆಸುಪಾಸಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿತ್ತಿರೆ-ವೈಗಾಸಿಯ ಮಧ್ಯಾಹ್ನ ದಿಂಡಿಗಲ್ ಸೀಮೆಯ ಗಾಳಿಯಲ್ಲಿ ಅಷ್ಟು ತೇವವನ್ನು ಹುಡುಕಲಾಗದು. ಬಳಿಕ ಬರುವ ಆಡಿಯ ಪಡುವಣ ಗಾಳಿ, ರುಬ್ಬುಗಲ್ಲನ್ನೂ ಹಾರಿಸುತ್ತದೆಂದು ಜನ ಹೇಳುವ ಗಾಳಿ, ಮಲೆಯಾಳದ ಕಡೆ ಮಳೆ ಸುರಿಸಿ ಬರಿಗೈಯಲ್ಲಿ ಇಳಿದು ಬರುವಂಥದು. ಗಂಜಿ ಹಾಕಿದ ಹಾಸಿನ ಎಳೆ ಆ ಗಾಳಿಗೆ ಕಡ್ಡಿಯಂತಾಗುತ್ತದೆ. ಒಂದು ಎಳೆ ಕಡಿದರೆ ನೇಕಾರ ಲಾಳಿ ನಿಲ್ಲಿಸಿ, ತುದಿ ಹುಡುಕಿ, ಫಣಿಯ ಸಂದಿನಿಂದ ಎಳೆದು ಗಂಟು ಹಾಕಬೇಕು. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಆ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಕುಣಿಮಗ್ಗವನ್ನು ನೆಲಕ್ಕೆ ಅಷ್ಟು ತಗ್ಗಾಗಿ ಹೂಡಿದ್ದರಲ್ಲಿ ಹಿಂದಿನವರ ಲೆಕ್ಕಾಚಾರ ಇದ್ದೀತು. ನೇಕಾರ ಕುಣಿಯ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ಹಾಸು ನೆಲದಿಂದ ಒಂದು ಗೇಣು ಎರಡು ಗೇಣು ಎತ್ತರದಲ್ಲಿ ಚಾಚಿರುತ್ತದೆ. ಮಣ್ಣಿನ ನೆಲ, ಮಣ್ಣಿನ ಕುಣಿ, ದಿನವೂ ಚಿಮುಕಿಸುವ ನೀರು. ಕೆಳಗಿನಿಂದ ಏರುವ ತಂಪು ಎಳೆಗೆ ತಾಗುತ್ತದೆ. ಚಳಿದೇಶಗಳಲ್ಲಿ ಮನೆಯ ಕಾರ್ಯಾಗಾರಕ್ಕೆ ಶಾಖನಿರೋಧಕ ಹೊದಿಸುವವರು ಗೋಡೆ, ಮಾಡು, ನೆಲ ಎಲ್ಲವನ್ನೂ ಮುಚ್ಚಿ ಒಳಗಿನ ಬಿಸಿಯನ್ನು ಕಾಯುತ್ತಾರೆ. ಮಗ್ಗದ ಕೋಣೆಗೆ ಮೇಲುಭಾಗ ಮುಚ್ಚಿರಬೇಕು, ಕೆಳಭಾಗ ತೆರೆದಿರಬೇಕು. ಇದನ್ನು ಮರೆತು ಅಂದಕ್ಕೆಂದು ನೆಲಕ್ಕೆ ಹೊಳೆಯುವ ಟೈಲ್ಸ್ ಹಾಸಿಕೊಂಡ ಮನೆಗಳು ಆ ಬೀದಿಯಲ್ಲಿಯೇ ಇವೆ. ಅಂಥ ಮನೆಗಳ ಯಜಮಾನಿಯರನ್ನು ದೂರಲಾಗದು. ಮಣ್ಣಿನ ನೆಲವನ್ನು ವಾರವಾರ ಸಾರಿಸುವ ಸೊಂಟ ಅವರದು.

ಮಗ ನೇಯುವವನಲ್ಲ. ದಿಂಡಿಗಲ್ ಸುತ್ತಿನ ಹಲವಾರು ನೂಲಿನ ಗಿರಣಿಗಳಲ್ಲಿ ಒಂದರಲ್ಲಿ ಅವನಿಗೆ ಕೆಲಸ. ಗಾಳಿಗೆ ತೇವ ಕೂಡಿಸುವ ಯಂತ್ರದ ಉಸ್ತುವಾರಿ. ಎರಡು ಉಷ್ಣಮಾಪಕಗಳು, ಒಂದರ ಬುಡಕ್ಕೆ ಒದ್ದೆ ಬತ್ತಿ. ಎರಡರ ಅಂತರವನ್ನು ನೋಡಿ ಕೋಷ್ಟಕದಿಂದ ಆರ್ದ್ರತೆಯನ್ನು ತಿಳಿಯುವುದು ಅವನ ದಿನಚರಿ. ಅಂಥ ಒಂದು ಜೋಡಿಯನ್ನು ಕೊಂಡು ತಂದು ಮಗ್ಗದ ಕೋಣೆಯ ಗೋಡೆಗೆ ತೂಗುಹಾಕಿದ.

“ಅಪ್ಪಾ, ನಮ್ಮ ಮಿಲ್ಲಿನಲ್ಲಿ ಗಾಳಿಗೆ ನೀರು ಕುಡಿಸುವುದಕ್ಕೇ ಒಂದು ಯಂತ್ರವಿದೆ.”

“ನಮ್ಮಲ್ಲಿ ಆ ಕೆಲಸ ಕುಣಿ ಮಾಡುತ್ತದಪ್ಪಾ. ಅದರ ತಲೆಯ ಮೇಲೆ ಒಲೆ ಹೊತ್ತಿಸಬೇಡಿ ಅಷ್ಟೆ.”

ಮಗ ವಾದಿಸಲಿಲ್ಲ, ಅಳೆದ. ಒಂದು ಬೇಸಗೆಯ ಭಾನುವಾರಗಳಲ್ಲಿ ಅದೇ ಮಾಪಕವನ್ನು ಹೊತ್ತು ಸಿಮೆಂಟ್ ಶೀಟಿನ ನೆರೆಮನೆಗೂ ತಾರಸಿಯ ಇನ್ನೊಂದು ಮನೆಗೂ ಹೋಗಿಬಂದ. ಮುಂಜಾನೆ ಮೂರೂ ಮನೆಗಳು ಹೆಚ್ಚುಕಡಿಮೆ ಒಂದೇ. ಮಧ್ಯಾಹ್ನದ ಹೊತ್ತಿಗೆ ಶೀಟಿನ ಮನೆ ಎಲ್ಲಕ್ಕಿಂತ ಮುಂದೆ. ತೆಳುವಾದ ಶೀಟು ಬಿಸಿಲನ್ನು ತಡೆಯದೆ ಒಳಗೆ ದಾಟಿಸುತ್ತದೆ. ತಾರಸಿಯ ಮನೆಯ ಸ್ವಭಾವ ಬೇರೆ. ದಪ್ಪ ಕಾಂಕ್ರೀಟು ಹಗಲೆಲ್ಲ ಶಾಖವನ್ನು ಕೂಡಿಡುತ್ತದೆ, ಹಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ರಾತ್ರಿ ಎಂಟಕ್ಕೆ ಅಲ್ಲಿ ಕೂರಲಾಗುತ್ತಿರಲಿಲ್ಲ. ಆ ಮನೆಯ ನೇಕಾರ ಬೇಸಗೆಯಲ್ಲಿ ಬೆಳಗಿನ ಐದರಿಂದ ಹತ್ತರವರೆಗೆ ಮಾತ್ರ ನೇಯುತ್ತಿದ್ದ, ಸಂಜೆಯ ಪಾಳಿಯನ್ನು ಕಳೆದುಕೊಂಡಿದ್ದ. ಸೋರುವ ಹೆಂಚಿನ ಮನೆ ಮಧ್ಯಾಹ್ನ ಬಿಸಿಯಾದರೂ ಸೂರ್ಯ ಇಳಿದೊಡನೆ ತಣಿಯುತ್ತಿತ್ತು. ಹೆಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ.

ಇಲ್ಲಿ ಒಂದು ಮಾತನ್ನು ಸೇರಿಸಬಹುದು. ಮಗ್ಗಕ್ಕೆ ಮರಾಠಿಯಲ್ಲಿ ‘ಮಾಗ’ ಎನ್ನುತ್ತಾರೆ, ತೆಲುಗಿನಲ್ಲಿ ‘ಮಗ್ಗಂ’. ತಮಿಳಿನ ಸಾಮಾನ್ಯ ಮಾತು ‘ತರಿ’. ಹೆಂಚಿಗೆ ಮರಾಠಿಯಲ್ಲಿ ‘ಕೌಲ’, ತಮಿಳಿನಲ್ಲಿ ‘ಓಡು’. ಆ ‘ಓಡು’ ಹಳಗನ್ನಡಕ್ಕೂ ನಮ್ಮ ಕರಾವಳಿಗೂ ಅಪರಿಚಿತವಲ್ಲ. ಹೊಸ ಹೆಂಚನ್ನು ಕೊಳ್ಳಲು ಹೋದಾಗ ಅಂಗಡಿಯವನ ಬಾಯಲ್ಲಿ ಬಂದ ಹೆಸರು ಮಂಗಳೂರಿನದು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಆ ಊರಿನ ಹೆಸರು ದೇಶದ ಎಷ್ಟೋ ಸೂರುಗಳನ್ನೇರಿದೆ.

ತೀರ್ಮಾನವನ್ನು ತಡೆದದ್ದು ಬೇರೆಯೇ ಪ್ರಶ್ನೆ, ಅದನ್ನು ಎತ್ತಿದವರು ಮನೆಯಾಕೆ. ಮಗ ನೇಯುವುದಿಲ್ಲ, ಮುಂದೆ ಬರುವ ಸೊಸೆ ಕಂಡಿಕೆ ಸುತ್ತುವಳೆಂಬ ಭರವಸೆಯಿಲ್ಲ. ಯಜಮಾನರ ಕಾಲು ಇನ್ನು ಎಷ್ಟು ವರ್ಷ ಕುಣಿಯಲ್ಲಿ ತುಳಿದೀತು? ಹತ್ತು ವರ್ಷದ ಮಗ್ಗಕ್ಕಾಗಿ ಐವತ್ತು ವರ್ಷದ ಮನೆಯನ್ನು ಕಟ್ಟುವುದು ಯಾವ ವಿವೇಕ? 2019-20ರ ಗಣತಿಯಂತೆ ದೇಶದಲ್ಲಿ 31 ಲಕ್ಷಕ್ಕೂ ಮಿಕ್ಕ ಕುಟುಂಬಗಳು ಕೈಮಗ್ಗವನ್ನು ನಂಬಿದ್ದವು. ಅವುಗಳಲ್ಲಿ ಎಷ್ಟೋ ಮನೆಗಳು ಈ ಪ್ರಶ್ನೆಯನ್ನು ಕೇಳಿಕೊಂಡಿರಬೇಕು. ಕೈಮಗ್ಗದವರಿಗೆ ಎರಡು ತಿಂಗಳಿಗೆ ಕೊಡುತ್ತಿದ್ದ ಉಚಿತ ವಿದ್ಯುತ್ತನ್ನು ತಮಿಳುನಾಡು ಸರ್ಕಾರ 2023ರಲ್ಲಿ 200ರಿಂದ 300 ಯೂನಿಟ್‌ಗೆ ಏರಿಸಿತು. ಉಪಕಾರವೇ. ಆದರೆ ಫ್ಯಾನು ನೇಕಾರನ ಬೆವರನ್ನು ಆರಿಸುವಾಗ ಹಾಸನ್ನೂ ಒಣಗಿಸುತ್ತದೆ. ಆ ಮನೆಯಲ್ಲಿ ಫ್ಯಾನು ತಿರುಗುವುದು ಕಂಡಿಕೆ ಸುತ್ತುವ ಮೂಲೆಯಲ್ಲಿ ಮಾತ್ರ. ಯಜಮಾನರು ಪತ್ನಿಯ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಮಗ ಹೇಳಿದ: ಮನೆಯನ್ನು ಎರಡು ಮಾಡೋಣ.

ಹಾಗೆಯೇ ಆಯಿತು. ಹಿಂಭಾಗಕ್ಕೆ ಕಾಂಕ್ರೀಟು ಬಿತ್ತು, ಅದರಲ್ಲೂ ಒಂದು ಯುಕ್ತಿಯೊಡನೆ. ಕುಮುಳಿಯ ಘಾಟಿ ದಾಟಿದರೆ ಸಿಗುವ ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದ ಕ್ರಮವೊಂದುಂಟು: ತಾರಸಿಯ ಕೆಳಪದರದಲ್ಲಿ, ಕಬ್ಬಿಣದ ಸರಳುಗಳ ನಡುವೆ, ಹಳೆಯ ಹೆಂಚುಗಳನ್ನು ಜೋಡಿಜೋಡಿಯಾಗಿ ಹುದುಗಿಸಿ ಕಾಂಕ್ರೀಟು ಸುರಿಯುವುದು. ಹೆಂಚಿನ ಜೋಡಿಯೊಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಒಂದಿಷ್ಟು ತಡೆಯುತ್ತದೆ, ಸಿಮೆಂಟೂ ಉಳಿಯುತ್ತದೆ. ಕೋತಿಗಳು ಉಳಿಸಿದ ಹೆಂಚುಗಳಿಗೆ ಹೀಗೆ ಗತಿ ಕಂಡಿತು. ತಾರಸಿಯ ಮೇಲೆ ಸುಣ್ಣ ಬಳಿದರು. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಆದರೆ ಪ್ರತಿ ಬೇಸಗೆಗೆ ಮೊದಲು ಮತ್ತೆ ಬಳಿಯಬೇಕು.

ಮುಂಭಾಗದ ಮಗ್ಗದ ಕೋಣೆಗೆ ಹೊಸ ತೊಲೆ, ಹೊಸ ಹೆಂಚು. ಪಡುವಣ ಗೋಡೆಗೆ ಬೀಳುವ ಇಳಿಬಿಸಿಲನ್ನು ತಡೆಯಲು ಹೊರಗೆ ತೆಂಗಿನ ಗರಿಯ ಇಳಿಮಾಡು. ಹೆಂಚಿನ ಕೆಳಗೆ ಒಂದು ಮೊಳ ತೆರವು ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರು. ಕಾದ ಗಾಳಿ ಹೊರಹೋಗಲೆಂದು ಎರಡೂ ತುದಿಯ ಮುಕ್ಕೋನದ ಗೋಡೆಗಳಲ್ಲಿ ಕಿಂಡಿ ಬಿಟ್ಟರು. ಲೆಕ್ಕ ಸರಿಯಾಗಿತ್ತು, ಆಡಿಯ ಗಾಳಿ ಅದನ್ನು ಒಪ್ಪಲಿಲ್ಲ. ತಟ್ಟಿ ಅದುರಿ ಅದುರಿ ಧೂಳು ಹಾಸಿನ ಮೇಲೆ ಉದುರಿತು; ಮದುವೆಗೆಂದು ನೇಯುತ್ತಿದ್ದ ತಿಳಿಬಣ್ಣದ ಸೀರೆಯೊಂದು ಕೆಟ್ಟಿತು. ಕೂಲಿ ಕಡಿತವಾಯಿತು. ಆಗ ಮನೆಯಾಕೆ ಮಾರಾಟಕ್ಕೆ ಹೋಗದೆ ಉಳಿದಿದ್ದ ಕುಂದಿನ ಸೀರೆಗಳನ್ನೆಲ್ಲ ಹೊಲಿದು ಜೋಡಿಸಿ ತಟ್ಟಿಯ ಕೆಳಗೆ ಬಿಗಿದು ಕಟ್ಟಿದರು. ‘ಮೇಲ್ಕಟ್ಟು’ ಎಂಬ ಶಬ್ದವನ್ನು ಹಳಗನ್ನಡದ ನಿಘಂಟಿನಲ್ಲಿ ಹುಡುಕಿದವರಿಗೆ ಅದು ಆ ಕೋಣೆಯಲ್ಲಿ ಕಣ್ಣಿಗೆ ಕಾಣುತ್ತದೆ: ಅಂಚು ತಪ್ಪಿದ, ಬಣ್ಣ ಹರಡಿದ ಹತ್ತಾರು ಸೀರೆಗಳ ಮೇಲ್ಕಟ್ಟು.

ನೆಲ ಮಣ್ಣಿನದಾಗಿಯೇ ಉಳಿಯಿತು. ಮಳೆಗಾಲದಲ್ಲಿ ಕುಣಿಗೆ ನೀರು ಜಿನುಗುವ ತೊಂದರೆಯೂ ಉಳಿಯಿತು. ಕಾರ್ತಿಗೆಯಲ್ಲಿ ಕೆಲವು ದಿನ ಮಗ್ಗ ನಿಲ್ಲುತ್ತದೆ. ಕೃತಕ ರೇಷ್ಮೆಯ ಎಳೆಗೆ ಅತಿಯಾದ ತೇವವೂ ಆಗದು; ಹತ್ತಿಗೆ ವಿರುದ್ಧವಾಗಿ ಅದು ಒದ್ದೆಯಾದರೆ ಅರ್ಧದಷ್ಟು ಬಲವನ್ನೇ ಕಳೆದುಕೊಳ್ಳುತ್ತದೆ. ಹೀಗಾಗಿ ಯಜಮಾನರು ಮೊದಲೆಲ್ಲ ಬೇಸಗೆಗೆ ಕೃತಕ ರೇಷ್ಮೆ, ಮಳೆಗಾಲ ಕಳೆದ ಮೇಲೆ ಹತ್ತಿ ಎಂದು ಕಾಲವನ್ನು ಹಂಚಿಕೊಂಡಿದ್ದರು. ಸೂರು ಹೊದಿಸಿದ ಮರುವರ್ಷ ಚಿತ್ತಿರೆಯಲ್ಲಿ ಅವರು ಹತ್ತಿಯ ಹಾಸನ್ನೇ ಹೂಡಿದರು. ಎಳೆ ಕಡಿಯಲಿಲ್ಲವೆಂದಲ್ಲ, ಮಧ್ಯಾಹ್ನವೂ ಕೂತು ನೇಯುವಷ್ಟು ಮಟ್ಟಿಗೆ ಕಡಿಮೆಯಾಯಿತು.

ಮಾಪಕದ ಜೋಡಿ ಇನ್ನೂ ಗೋಡೆಯ ಮೇಲಿದೆ. ಮಗ ಗಿರಣಿಯ ಪಾಳಿಯಿಂದ ಬಂದಾಗಷ್ಟೇ ಅದನ್ನು ನೋಡುತ್ತಾನೆ. ಬತ್ತಿ ಒಣಗದಂತೆ ದಿನವೂ ನೀರು ಹಾಕುವವರು ಮನೆಯಾಕೆ; ಕಂಡಿಕೆಗಳ ಬುಟ್ಟಿಯನ್ನು ಮಗ್ಗದ ಬಳಿ ಇಡುವಾಗ ಎರಡು ಪಾದರಸದ ಗೆರೆಗಳನ್ನೂ ಓದಿ, ಅಂತರ ಹೆಚ್ಚಿದ್ದರೆ ಕುಣಿಯ ಸುತ್ತ ಇನ್ನೊಂದು ಚೊಂಬು ನೀರು ಚಿಮುಕಿಸುತ್ತಾರೆ.