ಅಘನಾಶಿನಿ ದಂಡೆಯಲ್ಲಿ ಏಡಿಗಳ ವಿಳಾಸ

ಕುಮಟಾ ತಾಲ್ಲೂಕಿನ ಬಾಡ ಗ್ರಾಮದ ಕಡಲತೀರದಿಂದ ಅಘನಾಶಿನಿ ಹೊಳೆಯ ಅಳಿವೆಗೆ ಕೆಲವೇ ಕಿಲೋಮೀಟರ್ ದಾರಿ. ಅಷ್ಟರೊಳಗೆ ಮರಳಿನ ದಂಡೆ, ಬಂಡೆಗಳ ಚಾಚು, ಕಾಂಡ್ಲಾ ಗಿಡಗಳ ಕೆಸರು ಮೂರೂ ಸಿಗುತ್ತವೆ. ಪ್ರವಾಸಿಗರಲ್ಲಿ ಹೆಚ್ಚಿನವರು ಇಲ್ಲಿ ನಿಲ್ಲದೆ ನೇರವಾಗಿ ಗೋಕರ್ಣಕ್ಕೆ ಹೋಗಿಬಿಡುತ್ತಾರೆ. ಆದರೆ ಪ್ರಾಣಿಶಾಸ್ತ್ರದ ಒಂದು ಪಾಠವನ್ನು ಪುಸ್ತಕವಿಲ್ಲದೆ ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಆ ಪಾಠ ಏಡಿಗಳದ್ದು.

ಕೊಂಕಣಿಯಲ್ಲಿ ಕುರ್ಲಿ, ತುಳುವಿನಲ್ಲಿ ಡೆಂಜಿ ಎನ್ನಿಸಿಕೊಳ್ಳುವ ಏಡಿ, ಸಿಗಡಿಯಂತೆ ಹತ್ತು ಕಾಲಿನ ದಶಪಾದಿಗಳ ಗಣಕ್ಕೆ ಸೇರಿದ್ದು. ಸಿಗಡಿಯ ಹೊಟ್ಟೆಭಾಗ ಹಿಂದಕ್ಕೆ ಚಾಚಿಕೊಂಡಿದ್ದರೆ ಏಡಿಯದು ಗಿಡ್ಡವಾಗಿ ಎದೆಯ ಕೆಳಗೆ ಮಡಿಚಿಕೊಂಡಿರುತ್ತದೆ. ಏಡಿಯನ್ನು ಮಗುಚಿ ನೋಡಿ. ಆ ಮಡಿಕೆ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಜಗತ್ತಿನಲ್ಲಿ ಸುಮಾರು 7,000 ಬಗೆಯ ಏಡಿಗಳಿಗೆ ಹೆಸರಿಡಲಾಗಿದೆ. ಶಂಖದೊಳಗೆ ವಾಸಿಸುವ ಸನ್ಯಾಸಿ ಏಡಿ ಮಾತ್ರ ಹೆಸರಿಗಷ್ಟೇ ಏಡಿ. ವರ್ಗೀಕರಣದಲ್ಲಿ ಅದರ ಗುಂಪೇ ಬೇರೆ.

ಭಾರತದ ಏಡಿಗಳನ್ನು ವಿವರವಾಗಿ ಪಟ್ಟಿಮಾಡಿದವರಲ್ಲಿ ಪ್ರಮುಖರು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಆಲ್‌ಫ್ರೆಡ್ ಆಲ್ಕಾಕ್. 1895ರಿಂದ 1900ರ ನಡುವೆ ಪ್ರಕಟವಾದ ಅವರ ಲೇಖನಮಾಲೆಯನ್ನು ತಜ್ಞರು ಇಂದಿಗೂ ತೆರೆದು ನೋಡುತ್ತಾರೆ. ನಮ್ಮಂಥವರಿಗೆ ಅದಕ್ಕಿಂತ ಸುಲಭವಾದ ದಾರಿಯೊಂದಿದೆ. ಏಡಿ ಎಲ್ಲಿ ವಾಸಿಸುತ್ತದೆ ಎಂಬುದನ್ನು ನೋಡಿದರೆ ಅದು ಯಾವ ಗುಂಪಿನದೆಂದು ಮುಕ್ಕಾಲುಪಾಲು ಹೇಳಬಹುದು.

ಬಾಡದ ಮರಳಿನಿಂದಲೇ ಆರಂಭಿಸೋಣ. ಅಲೆ ತಲುಪದ ಒಣಮರಳಿನಲ್ಲಿ ಮುಷ್ಟಿಗಾತ್ರದ ಬಿಲಗಳು ಕಾಣುತ್ತವೆ. ಇವು ಓಸಿಪೋಡ್ ಜಾತಿಯ ಏಡಿಗಳ ಮನೆ. ಈ ಗ್ರೀಕ್ ಹೆಸರಿನ ಅರ್ಥ ‘ವೇಗದ ಕಾಲು’. ಮರಳಿನ ಬಣ್ಣದ ಈ ಏಡಿ ಕಣ್ಣೆದುರೇ ಮಾಯವಾಗುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ಗೋಸ್ಟ್ ಕ್ರ್ಯಾಬ್, ಅಂದರೆ ದೆವ್ವದ ಏಡಿ ಎಂದು ಹೆಸರು. ಕಣ್ಣಿನ ಮೇಲೆ ಪುಟ್ಟ ಕೊಂಬಿರುವ ಬಗೆಗಳಲ್ಲಿ ಓಸಿಪೋಡ್ ಸೆರಾಟೋಫ್ತಾಲ್ಮಸ್ ಒಂದು. ಇದು ಸಮುದ್ರದ ಪ್ರಾಣಿಯಾದರೂ ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದರೆ ಉಸಿರುಕಟ್ಟಿ ಸಾಯುತ್ತದೆ. ಹಾಗೆಂದು ಕಿವಿರು ಒಣಗಲೂ ಬಾರದು. ಕಾಲುಗಳ ಬುಡದಲ್ಲಿರುವ ರೋಮಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ಒದ್ದೆ ಮರಳಿನಿಂದ ನೀರು ಹೀರಿ ಕಿವಿರಿಗೆ ಒದಗಿಸುತ್ತವೆ. ಆದ್ದರಿಂದ ಒಣದಂಡೆ, ಒದ್ದೆದಂಡೆ ಎರಡೂ ಹತ್ತಿರದಲ್ಲಿದ್ದರೆ ಮಾತ್ರ ಇದರ ಬಾಳು.

ಬಂಡೆಗಳ ಚಾಚಿಗೆ ಬಂದರೆ ನಿವಾಸಿಗಳು ಬದಲಾಗುತ್ತಾರೆ. ಇಲ್ಲಿರುವುದು ಗ್ರಾಪ್ಸಸ್ ಏಡಿ. ಚಪ್ಪಟೆ ಮೈ, ಮೊನಚಾದ ಕಾಲ್ತುದಿ. ಅಲೆ ಬಡಿದಾಗ ಕಲ್ಲಿಗೆ ಕಚ್ಚಿಕೊಂಡು ಕೂರುತ್ತದೆ. ಇದರ ಕೊಂಡಿಯ ತುದಿ ಚಮಚದಂತಿದ್ದು, ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನಲು ಅನುಕೂಲವಾಗಿದೆ.

ಅಲ್ಲಿಂದ ಅಳಿವೆಯ ಕೆಸರಿಗೆ ಇಳಿದರೆ ನಿಜವಾದ ಸಂತೆ. ಇಳಿತದ ವೇಳೆಯಲ್ಲಿ ನೂರಾರು ಪುಟ್ಟ ಏಡಿಗಳು ಒಂದು ದೊಡ್ಡ ಕೊಂಡಿಯನ್ನು ಎತ್ತಿ ಬೀಸುತ್ತಿರುತ್ತವೆ. ಇವು ಫಿಡ್ಲರ್ ಏಡಿಯ ಗಂಡುಗಳು. ಕೈಬೀಸುವುದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಬೆದರಿಸಲು. ದೊಡ್ಡ ಕೊಂಡಿ ಊಟಕ್ಕೆ ಬಾರದು. ಹೆಣ್ಣು ಎರಡೂ ಕೈಯಲ್ಲಿ ಉಣ್ಣುವಾಗ ಗಂಡು ಒಂದೇ ಕೈಯಲ್ಲಿ ಉಣ್ಣಬೇಕು! ಕಾಂಡ್ಲಾ ಗಿಡಗಳ ಬುಡದಲ್ಲಿ ಉದುರಿದ ಎಲೆಗಳನ್ನು ಬಿಲಕ್ಕೆ ಎಳೆದೊಯ್ಯುವ ಏಡಿಗಳೂ ಇವೆ. ಎಲೆ ಗೊಬ್ಬರವಾಗುವುದು, ಉಸಿರಾಡದ ಕೆಸರಿಗೆ ಗಾಳಿ ಸೇರುವುದು ಇವುಗಳ ದುಡಿಮೆಯಿಂದ.

ಮೀನುಪೇಟೆಯಲ್ಲಿ ಬೆಲೆ ಹೆಚ್ಚಿರುವ ಕೆಸರು ಏಡಿಯ ಊರೂ ಇದೇ. ಒಂದೇ ಜಾತಿ ಎಂದು ಬಹುಕಾಲ ಎಣಿಸಲಾಗಿದ್ದ ಈ ಸ್ಕಿಲ್ಲಾ ಸೆರಾಟಾವನ್ನು 1998ರಲ್ಲಿ ವಿಜ್ಞಾನಿಗಳು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ಊಕಾ ಎಂದು ನಾವೆಲ್ಲ ಕಲಿತಿದ್ದ ಫಿಡ್ಲರ್ ಏಡಿಗಳನ್ನು 2016ರಲ್ಲಿ ಹಲವು ಜಾತಿಗಳಾಗಿ ವಿಂಗಡಿಸಲಾಯಿತು. ವರ್ಗೀಕರಣ ಎಂಬುದು ಬಾಯಿಪಾಠ ಮಾಡಿ ಮುಗಿಸುವ ಪಟ್ಟಿಯಲ್ಲ, ಇನ್ನೂ ಬರೆಯುತ್ತಿರುವ ಲೆಕ್ಕ ಎಂಬುದಕ್ಕೆ ಇವು ಒಳ್ಳೆಯ ಉದಾಹರಣೆಗಳು.

ಕೆಸರು ಏಡಿಗೆ ಎರಡು ವಿಳಾಸ. ಬೆಳೆಯುವುದು ಅಳಿವೆಯಲ್ಲಿ, ಮೊಟ್ಟೆಯಿಡಲು ಹೆಣ್ಣು ಕಡಲಿಗೆ ಹೋಗುತ್ತದೆ. ಸಮುದ್ರದಲ್ಲಿ ತೇಲಿ ಬೆಳೆದ ಮರಿಗಳು ಅಳಿವೆಗೆ ಮರಳಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಸಿಹಿನೀರು, ಉಪ್ಪುನೀರು ಎರಡೂ ಸಹಜವಾಗಿ ಬೆರೆಯುತ್ತವೆ. ಗಜನಿ ಗದ್ದೆಯ ಕಗ್ಗ ಭತ್ತ, ಹೆಂಗಸರು ಹೆಕ್ಕುವ ಬಳಚು, ಬಲೆಗೆ ಬೀಳುವ ಏಡಿ ಎಲ್ಲವೂ ಈ ಬೆರಕೆಯ ಫಲ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ದಂಡೆ ಉಳಿಯುವುದಿಲ್ಲ. ಕಡಲ್ಕೊರೆತ ತಡೆಯಲೆಂದು ನಮ್ಮ ಕರಾವಳಿಯ ಅನೇಕ ಕಡೆ ಕಲ್ಲಿನ ಗೋಡೆ ಹಾಕಲಾಗಿದೆ. ಮನೆ ಕಳೆದುಕೊಳ್ಳುವವರ ಸಂಕಟ ಸಣ್ಣದಲ್ಲ. ಗೋಡೆ ಬೇಡವೆಂದು ಸುಲಭವಾಗಿ ಹೇಳುವಂತಿಲ್ಲ. ಆದರೆ ಗೋಡೆ ಬಿದ್ದಲ್ಲಿ ಒಣಮರಳಿನ ಪಟ್ಟಿ ಅಳಿಯುತ್ತದೆ, ಅದರೊಂದಿಗೆ ಓಸಿಪೋಡ್ ಏಡಿಯೂ ಹೋಗುತ್ತದೆ. ಬಂಡೆ ಏಡಿ ಆ ಕಲ್ಲಿಗೆ ಬಂದೀತು. ಮರಳಿನ ಏಡಿ ಕಲ್ಲನ್ನು ತೋಡಲಾರದು. ರಾತ್ರಿ ದಂಡೆಯ ಮೇಲೆ ಓಡಿಸುವ ವಾಹನಗಳೂ ಇವುಗಳಿಗೆ ಮೃತ್ಯು. ಬಿಲಗಳ ಎಣಿಕೆಯಿಂದ ದಂಡೆಯ ಆರೋಗ್ಯ ಅಳೆಯುವ ಪದ್ಧತಿ ಹಲವು ದೇಶಗಳಲ್ಲಿದೆ.

ಈ ಎಣಿಕೆಯನ್ನು ನಮ್ಮ ಮಕ್ಕಳೂ ಮಾಡಬಹುದು. ನಾಲ್ಕು ಕಡ್ಡಿ, ನಾಲ್ಕು ಮೀಟರ್ ಹಗ್ಗ ಇದ್ದರೆ ಒಂದು ಚದರ ಮೀಟರ್‌ನ ಚೌಕವಾಯಿತು. ಮೇಲಿನ ಮರಳಿನಿಂದ ನೀರಿನಂಚಿನವರೆಗೆ ಹತ್ತು ಹೆಜ್ಜೆಗೊಂದು ಚೌಕದಲ್ಲಿ ಬಿಲಗಳನ್ನು ಎಣಿಸಿ ಬರೆದಿಡಲಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಮತ್ತೆ ಎಣಿಸಲಿ. ಬಿಲ ಅಗೆಯುವುದು, ಏಡಿಯನ್ನು ಬಾಟಲಿಯಲ್ಲಿ ಮನೆಗೆ ತರುವುದು ಬೇಡ.

ಕುಮಟಾಕ್ಕೆ ಕೊಂಕಣ ರೈಲಿದೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸುಗಳಿವೆ. ಗೋಕರ್ಣದ ಕಡೆಯಿಂದ ಬರುವವರು ತದಡಿಯಲ್ಲಿ ದೋಣಿ ಹತ್ತಿ ಹೊಳೆ ದಾಟಬಹುದು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನವೇ ಮೀನುಗಾರರನ್ನು ಕೇಳಿಕೊಳ್ಳುವುದು ಒಳಿತು. ಮಳೆಗಾಲ ಬೇಡ. ಕೆಸರಿನಲ್ಲಿ ಊರವರ ಜೊತೆಯಿಲ್ಲದೆ ಮಕ್ಕಳನ್ನು ಇಳಿಸಬೇಡಿ.